ಬಿಸಿಲುಕೋಲಿನ ಸತ್ಯ: ಗಣಕದೃಶ್ಯಗಳಲ್ಲಿ ಕಾಣುವ ಬೆಳಕು ಮತ್ತು ಶಿರಸಿ ಸೀಮೆಯ ದೃಶ್ಯಾನುಭವ

1

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಹಳೆಯ ಹಂಚಿನ ಮನೆಗಳಲ್ಲಿ ಬೆಳಕು ಒಳಬರುವ ದಾರಿಗಳು ಕಡಿಮೆ. ಮಳೆಗಾಲದ ಎರಚಲನ್ನು ತಡೆಯಲು ಮಾಡು ಕೆಳಗಿನವರೆಗೆ ಇಳಿದಿರುತ್ತದೆ. ಗೋಡೆ ದಪ್ಪ, ಕಿಟಕಿ ಚಿಕ್ಕದು. ಅಡಿಗೆಮನೆಯ ಮಾಡಿನಲ್ಲಿ ಒಂದೆರಡು ಕಡೆ ಮಣ್ಣಿನ ಹಂಚಿನ ಬದಲು ಗಾಜಿನ ಹಂಚನ್ನು ಹಾಕಿ ಬೆಳಕಿಂಡಿ ಮಾಡಿಕೊಳ್ಳುವುದು ಈ ಸೀಮೆಯ ವಾಡಿಕೆ. ಬೆಳಗಿನ ಹೊತ್ತು ಒಲೆಗೆ ಬೆಂಕಿ ಹಾಕಿದಾಗ ಹೊಗೆ ಮೇಲೇರಿ ಮಾಡಿನ ಕೆಳಗೆ ನಿಲ್ಲುತ್ತದೆ. ಆಗ ಬೆಳಕಿಂಡಿಯಿಂದ ಇಳಿದ ಬಿಸಿಲು ನೆಲದ ಮೇಲಿನ ಬೆಳಕಿನ ಚೌಕವಾಗಿ ಮಾತ್ರ ಉಳಿಯದೆ, ಮಾಡಿನಿಂದ ನೆಲದವರೆಗೆ ಓರೆಯಾಗಿ ನಿಂತ ಒಂದು ಕೋಲಾಗಿ ತೋರುತ್ತದೆ. ಕನ್ನಡ ಇದನ್ನು ‘ಬಿಸಿಲುಕೋಲು’ ಎಂದು ಕರೆದಿದೆ. ಬೆಳಕಿಗೆ ಕೋಲಿನ ಘನತೆಯನ್ನು ಕೊಟ್ಟ ಈ ಪದ ಕೇವಲ ಅಲಂಕಾರವಲ್ಲ. ಅದರ ಹಿಂದೆ ನಿಖರವಾದ ಒಂದು ದೃಶ್ಯಾನುಭವವಿದೆ.

ಕಳೆದ ನಾಲ್ಕು ದಶಕಗಳಲ್ಲಿ ಗಣಕಯಂತ್ರದಲ್ಲಿ ಕೃತಕ ದೃಶ್ಯಗಳನ್ನು ರಚಿಸುವವರು ಬಹುವಾಗಿ ಶ್ರಮಿಸಿದ ಸಮಸ್ಯೆಗಳಲ್ಲಿ ಈ ಬಿಸಿಲುಕೋಲೂ ಒಂದು. ಚಲನಚಿತ್ರ, ಆಟ, ವಾಸ್ತುಚಿತ್ರ, ಸ್ಮಾರಕಗಳ ಮರುರಚನೆ ಮೊದಲಾದ ಎಲ್ಲೆಡೆಯೂ ಬೆಳಕಿನ ಕೋಲುಗಳು ಇಂದು ಹೇರಳವಾಗಿ ಕಾಣಸಿಗುತ್ತವೆ. ಅವುಗಳನ್ನು ಮೆಚ್ಚುವುದಕ್ಕೆ ಅಥವಾ ತಿರಸ್ಕರಿಸುವುದಕ್ಕೆ ಬೇಕಾದ ವಿಮರ್ಶೆಯ ಮಾನದಂಡ ಮಾತ್ರ ಕನ್ನಡದಲ್ಲಿ ಸಾಕಷ್ಟು ರೂಪುಗೊಂಡಿಲ್ಲ. ಆ ಮಾನದಂಡವನ್ನು ಶಿರಸಿ ಸೀಮೆಯ ಮನೆ, ತೋಟ, ಜಲಪಾತ ಮತ್ತು ರಂಗಸ್ಥಳಗಳ ಅನುಭವದಿಂದ ಪಡೆಯಲು ಸಾಧ್ಯವೇ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ಬೆಳಕು ಕಣ್ಣಿಗೆ ನೇರವಾಗಿ ಬೀಳದ ಹೊರತು ಕಾಣುವುದಿಲ್ಲ. ಪಕ್ಕದಿಂದ ಹಾದುಹೋಗುವ ಕಿರಣ ನೋಡುವವನ ಪಾಲಿಗೆ ಇಲ್ಲದಂತೆಯೇ. ದಾರಿಯಲ್ಲಿ ಹೊಗೆ, ದೂಳು ಅಥವಾ ನೀರಿನ ಹನಿ ಇದ್ದು, ಅದು ಕಿರಣದ ಒಂದು ಅಂಶವನ್ನು ಕಣ್ಣಿನ ಕಡೆಗೆ ಚದರಿಸಿದಾಗ ಮಾತ್ರ ಕೋಲು ಮೂಡುತ್ತದೆ. 1869ರ ಸುಮಾರಿಗೆ ಜಾನ್ ಟಿಂಡಾಲ್ ಈ ಚದರಿಕೆಯನ್ನು ಪ್ರಯೋಗಗಳಿಂದ ತೋರಿಸಿದರು. ದೂಳನ್ನು ಪೂರ್ತಿ ತೆಗೆದ ಗಾಳಿಯಲ್ಲಿ ಪ್ರಬಲವಾದ ಬೆಳಕಿನ ಕಿರಣವೂ ಅದೃಶ್ಯವಾಗುತ್ತದೆ ಎಂಬುದು ಅವರ ಪ್ರಯೋಗಗಳ ಮುಖ್ಯ ಫಲ. ಗಾಳಿ ಮತ್ತು ನೀರಿನ ಅಣುಗಳೇ ಬೆಳಕನ್ನು ಚದರಿಸುವ ಬಗೆಯನ್ನು ಸಿ.ವಿ. ರಾಮನ್ 1922ರಲ್ಲಿ ಪ್ರಕಟವಾದ ತಮ್ಮ ಪ್ರಬಂಧದಲ್ಲಿ ವಿಸ್ತಾರವಾಗಿ ಚರ್ಚಿಸಿದರು. 1933ರಲ್ಲಿ ಅವರು ಬೆಂಗಳೂರಿಗೆ ಬಂದ ಮೇಲೆ ಬೆಳಕಿನ ಅಧ್ಯಯನಕ್ಕೆ ಕರ್ನಾಟಕದಲ್ಲಿಯೇ ಒಂದು ನೆಲೆ ದೊರೆಯಿತು.

ಇದಕ್ಕಿಂತ ನೇರವಾದ ಸಂಬಂಧ ಎಸ್. ಚಂದ್ರಶೇಖರ್ ಅವರದು. ನಕ್ಷತ್ರಗಳ ವಾತಾವರಣದಲ್ಲಿ ಬೆಳಕು ಹೀರಲ್ಪಟ್ಟು, ಚದರಿ, ಹೊರಬರುವ ಕ್ರಮವನ್ನು ಅವರು 1950ರ ತಮ್ಮ ಗ್ರಂಥದಲ್ಲಿ ಸಮೀಕರಣಗಳಿಗೆ ಅಳವಡಿಸಿದರು. ಇಂದು ಗಣಕದಲ್ಲಿ ಹೊಗೆಯನ್ನೂ ಮಂಜನ್ನೂ ಚಿತ್ರಿಸುವವರು ಬಳಸುವುದು ಮೂಲತಃ ಇದೇ ಶಾಸ್ತ್ರವನ್ನು. ನಕ್ಷತ್ರಕ್ಕೆ ಸಲ್ಲುವ ಲೆಕ್ಕ ಅಡಿಗೆಮನೆಯ ಹೊಗೆಗೂ ಸಲ್ಲುತ್ತದೆ. ಒಂದು ಮೀಟರ್ ದೂರದಲ್ಲಿ ಹೊಗೆಯು ಬೆಳಕಿನ ನೂರರಲ್ಲಿ 10 ಪಾಲನ್ನು ತಡೆಯುವುದಾದರೆ, 5 ಮೀಟರಿನ ಬಳಿಕ ನೂರರಲ್ಲಿ ಸುಮಾರು 59 ಪಾಲು, 10 ಮೀಟರಿನ ಬಳಿಕ ಸುಮಾರು 35 ಪಾಲು ಉಳಿಯುತ್ತದೆ. ಹೊಗೆ ತೀರ ತೆಳುವಾದರೆ ಕೋಲು ಕಾಣದು. ತೀರ ದಟ್ಟವಾದರೆ ಕೋಲು ನೆಲವನ್ನು ಮುಟ್ಟುವ ಮೊದಲೇ ಕರಗುತ್ತದೆ. ಬಿಸಿಲುಕೋಲು ಇರುವುದು ಈ ಎರಡು ಎಲ್ಲೆಗಳ ನಡುವಿನ ಇಕ್ಕಟ್ಟಾದ ಜಾಗದಲ್ಲಿ.

3

ಗಣಕಚಿತ್ರದ ಇತಿಹಾಸದಲ್ಲಿ ಮೊದಲು ಗೆದ್ದದ್ದು ಮೇಲ್ಮೈಯನ್ನು. 1980ರಲ್ಲಿ ಟರ್ನರ್ ವಿಟೆಡ್ ಪ್ರಕಟಿಸಿದ ಕಿರಣಾನುಸರಣ ವಿಧಾನವು ನುಣುಪಾದ ವಸ್ತುಗಳ ಮೇಲಿನ ಪ್ರತಿಬಿಂಬವನ್ನೂ ಗಾಜಿನೊಳಗಿನ ವಕ್ರೀಭವನವನ್ನೂ ಬೆರಗಾಗುವಂತೆ ತೋರಿಸಿತು. ಶಿರಸಿ ತಾಲ್ಲೂಕಿನ ಬನವಾಸಿಯಲ್ಲಿ ಮಧುಕೇಶ್ವರ ದೇವಾಲಯದ ಮಂಟಪದ ನುಣುಪುಗೊಳಿಸಿದ ಕಂಬಗಳ ಮುಂದೆ ನಿಂತವರಿಗೆ ಆ ವಿಧಾನದ ಶಕ್ತಿ ಸುಲಭವಾಗಿ ತಿಳಿಯುತ್ತದೆ. ಉಬ್ಬು-ತಗ್ಗುಗಳ ಪಟ್ಟಿಯಲ್ಲಿ ನೋಡುವವನ ಬಿಂಬ ಹಿಗ್ಗುವುದು, ಕುಗ್ಗುವುದು ಎಲ್ಲವನ್ನೂ ಅದು ಲೆಕ್ಕ ಹಾಕಬಲ್ಲುದು. ಆದರೆ ಅದೇ ದೇವಾಲಯದ ಗರ್ಭಗುಡಿಯಲ್ಲಿ ದೀಪದ ಸುತ್ತ ಧೂಪದ ಹೊಗೆಯಲ್ಲಿ ಹರಡುವ ಕಾಂತಿಯನ್ನು ಅದು ಕಾಣದು. ಕಂಬ ಮತ್ತು ಕಣ್ಣಿನ ನಡುವಿನ ಗಾಳಿ ಆ ವಿಧಾನಕ್ಕೆ ಬರಿದು.

ಆ ನಡುವಿನ ಜಾಗವನ್ನು ತುಂಬುವ ಪ್ರಯತ್ನ ಬೇಗನೆ ಮೊದಲಾಯಿತು. 1982ರಲ್ಲಿ ಜೇಮ್ಸ್ ಬ್ಲಿನ್ ಮೋಡ ಮತ್ತು ದೂಳಿನ ಪದರಗಳ ಮೇಲೆ ಬೆಳಕು ಚದರುವುದನ್ನು ಚಿತ್ರಿಸುವ ಸೂತ್ರಗಳನ್ನು ಕೊಟ್ಟರು. 1984ರಲ್ಲಿ ಜೇಮ್ಸ್ ಕಾಜಿಯಾ ಮತ್ತು ಬ್ರಯನ್ ಫಾನ್ ಹರ್ಜನ್ ದಟ್ಟಣೆಯುಳ್ಳ ಘನಪ್ರದೇಶದ ಒಳಗೆ ಕಿರಣವನ್ನು ಅನುಸರಿಸುವ ಕ್ರಮವನ್ನು ವಿವರಿಸಿದರು. 1986ರಲ್ಲಿ ನೆಲ್ಸನ್ ಮ್ಯಾಕ್ಸ್ ಮಂಜಿನಲ್ಲಿ ಮೂಡುವ ಬೆಳಕು ಮತ್ತು ನೆರಳುಗಳನ್ನು, 1987ರಲ್ಲಿ ತೊಮೊಯುಕಿ ನಿಶಿತಾ ಮತ್ತು ಸಂಗಡಿಗರು ದೀಪಗಳಿಂದ ಹೊಮ್ಮುವ ಬೆಳಕಿನ ಹರಹನ್ನು ಲೆಕ್ಕಕ್ಕೆ ತಂದರು. ಇಂದಿನ ರೆಂಡರಿಂಗ್ ತಂತ್ರಾಂಶಗಳ ಒಳಗಿರುವುದು ಈ ಕೆಲಸಗಳ ಬೆಳವಣಿಗೆ.

ಬಳಕೆಯಲ್ಲಿರುವ ವಿಧಾನಗಳನ್ನು ವಿಮರ್ಶೆಯ ಅನುಕೂಲಕ್ಕಾಗಿ ಮೂರು ವರ್ಗವಾಗಿ ವಿಂಗಡಿಸಬಹುದು. ಮೊದಲನೆಯದು ಬರೆದು ಅಂಟಿಸಿದ ಬೆಳಕು: ದೀಪದ ಮುಂದೆ ಅರೆಪಾರದರ್ಶಕವಾದ ಒಂದು ಶಂಕುವನ್ನು ಇಟ್ಟು ಅದನ್ನೇ ಬೆಳಕಿನ ಕೋಲೆಂದು ತೋರಿಸುವುದು. ಇದರಲ್ಲಿ ವೆಚ್ಚ ಕಡಿಮೆ. ಆದರೆ ಯಾರಾದರೂ ಕೋಲನ್ನು ಹಾದುಹೋದರೆ ನೆರಳು ಬೀಳುವುದಿಲ್ಲ. ಎರಡನೆಯದು ಎಳೆದ ಬೆಳಕು: ಸಿದ್ಧಗೊಂಡ ಚಿತ್ರದಲ್ಲಿ ಸೂರ್ಯನಿರುವ ಬಿಂದುವಿನಿಂದ ಹೊಳಪನ್ನು ಸುತ್ತಲೂ ಎಳೆದು ಮಸುಕಾಗಿಸುವುದು. ಕೆನ್ನಿ ಮಿಚೆಲ್ 2007ರಲ್ಲಿ ವಿವರಿಸಿದ ಈ ಕ್ರಮ ಆಟಗಳಲ್ಲಿ ಬಹುಬೇಗ ಹರಡಿತು. ಸೂರ್ಯ ಚಿತ್ರದ ಚೌಕಟ್ಟಿನಿಂದ ಹೊರಗೆ ಸರಿಯುತ್ತಿದ್ದಂತೆ ಕೋಲುಗಳು ಸೊರಗುವುದು ಇದರ ಹುಟ್ಟುದೋಷ.

ಮೂರನೆಯದು ನಡೆದು ಕಂಡ ಬೆಳಕು: ಕಣ್ಣಿನಿಂದ ಹೊರಟ ದೃಷ್ಟಿರೇಖೆಯ ಮೇಲೆ ಹೆಜ್ಜೆಹೆಜ್ಜೆಯಾಗಿ ಮುಂದುವರಿದು, ಪ್ರತಿ ಹೆಜ್ಜೆಯಲ್ಲಿಯೂ ‘ಇಲ್ಲಿಗೆ ದೀಪದ ಬೆಳಕು ತಲುಪುತ್ತದೆಯೇ, ತಲುಪಿದರೆ ಎಷ್ಟು ಪಾಲು ಕಣ್ಣಿನ ಕಡೆಗೆ ತಿರುಗುತ್ತದೆ’ ಎಂದು ಕೇಳಿ ಉತ್ತರಗಳನ್ನು ಕೂಡಿಸುವುದು. ಇದು ಪ್ರಾಮಾಣಿಕವಾದ ವಿಧಾನ, ಆದರೆ ದುಬಾರಿ. 1920ಕ್ಕೆ 1080 ಅಳತೆಯ ಒಂದು ಚಿತ್ರದಲ್ಲಿ 20,73,600 ಬಿಂದುಗಳಿವೆ. ಬಿಂದುವಿಗೆ 64 ಹೆಜ್ಜೆಯಂತೆ ಹಿಡಿದರೂ ಒಂದು ಚಿತ್ರಕ್ಕೆ 13 ಕೋಟಿಗೂ ಮೀರಿದ ಪ್ರಶ್ನೆಗಳು. ಸೆಕೆಂಡಿಗೆ 24 ಚಿತ್ರಗಳಾದರೆ 318 ಕೋಟಿಗೂ ಹೆಚ್ಚು. ಹೆಜ್ಜೆಗಳನ್ನು ಕಡಿಮೆ ಮಾಡಿದರೆ ಬೆಳಕಿನಲ್ಲಿ ಮೆಟ್ಟಿಲು ಮೆಟ್ಟಿಲಾದ ಪಟ್ಟೆಗಳು ಏಳುತ್ತವೆ. ಗಣಕ ಕಲಾವಿದನ ಹೆಚ್ಚಿನ ಜಾಣ್ಮೆ ವ್ಯಯವಾಗುವುದು ಈ ವೆಚ್ಚವನ್ನು ಇಳಿಸುವುದರಲ್ಲಿ.

4

ಲೆಕ್ಕ ಸರಿಯಾದ ಮಾತ್ರಕ್ಕೆ ಚಿತ್ರ ಸರಿಯಾಗುವುದಿಲ್ಲ. ಲೆಕ್ಕಕ್ಕೆ ಒಪ್ಪಿಸಿದ ಪ್ರಪಂಚವೇ ತಪ್ಪಾಗಿರಬಹುದು. ಶಿರಸಿ ಸೀಮೆಯ ಮೂರು ದೃಶ್ಯಗಳು ಇಲ್ಲಿ ಒರೆಗಲ್ಲಾಗಿ ಒದಗುತ್ತವೆ.

ಮೊದಲನೆಯದು ಬೆಳಕಿಂಡಿಯ ಕೋಲು. ಸೂರ್ಯ ಬಿಂದುವಲ್ಲ, ಆಕಾಶದಲ್ಲಿ ಅದರ ಅಗಲ ಸುಮಾರು ಅರ್ಧ ಡಿಗ್ರಿ. ಆದ್ದರಿಂದ ಕೋಲಿನ ಅಂಚು ಪ್ರತಿ ಮೀಟರಿಗೆ ಸುಮಾರು 9 ಮಿಲಿಮೀಟರಿನಂತೆ ಹರಡುತ್ತ ಹೋಗುತ್ತದೆ. ಮಾಡಿನಿಂದ ನಾಲ್ಕು ಮೀಟರ್ ಇಳಿದು ನೆಲ ಮುಟ್ಟುವಾಗ ಅಂಚಿನ ಅರೆನೆರಳು ಮೂರೂವರೆ ಸೆಂಟಿಮೀಟರಿಗೂ ಮೀರಿರುತ್ತದೆ. ಹಂಚಿನ ಸಂದಿಯಿಂದ ತೂರಿದ ಸಣ್ಣ ಕೋಲು ಸಂದಿಯ ಆಕಾರ ಹೇಗೇ ಇರಲಿ ನೆಲದ ಮೇಲೆ ಉರುಟಾದ ಬೆಳಕಿನ ಬಿಲ್ಲೆಯನ್ನೇ ಬಿಡಿಸುವುದಕ್ಕೂ ಇದೇ ಕಾರಣ. ಆ ಬಿಲ್ಲೆ ಸೂರ್ಯನ ಬಿಂಬ. ಸೂರ್ಯಗ್ರಹಣದ ದಿನ ಅದು ಕಚ್ಚಿದ ಬಿಲ್ಲೆಯಾಗುವುದನ್ನು ಹಂಚಿನ ಮನೆಯಲ್ಲಿ ಬೆಳೆದವರು ನೋಡಿರುತ್ತಾರೆ. ಗಣಕದೃಶ್ಯದಲ್ಲಿ ದೀಪವನ್ನು ಬಿಂದುವೆಂದು ಭಾವಿಸಿ ಬಿಟ್ಟಾಗ ಕೋಲಿನ ಅಂಚು ಬಾಚಿಯಿಂದ ಕೆತ್ತಿದಂತೆ ಹರಿತವಾಗುತ್ತದೆ. ನೋಡುಗನಿಗೆ ಕಾರಣ ತಿಳಿಯದಿದ್ದರೂ ಅದು ಮನೆಯೊಳಗಿನ ಬಿಸಿಲಲ್ಲ ಎಂಬುದು ತಿಳಿಯುತ್ತದೆ.

ಎರಡನೆಯದು ತೋಟದ ಇಬ್ಬನಿ. ಚಳಿಗಾಲದ ಬೆಳಿಗ್ಗೆ ಕಣಿವೆಯ ಅಡಿಕೆತೋಟದಲ್ಲಿ ಮಂಜು ನಿಂತಿರುವಾಗ ಹೆಡೆಗಳ ಸಂದಿಯಿಂದ ಇಳಿಯುವ ಕಿರಣಗಳು ಸೂರ್ಯನ ಕಡೆಗೆ ಮುಖಮಾಡಿದವರಿಗೆ ಎದ್ದು ಕಾಣುತ್ತವೆ. ಅದೇ ಜಾಗದಲ್ಲಿ ಬೆನ್ನು ತಿರುಗಿಸಿ ನಿಂತರೆ ಅವು ಬಹುಮಟ್ಟಿಗೆ ಮಾಯವಾಗುತ್ತವೆ. ಮಂಜಿನ ಹನಿಗಳು ಬೆಳಕನ್ನು ಎಲ್ಲ ಕಡೆಗೂ ಸಮನಾಗಿ ಹಂಚುವುದಿಲ್ಲ. ಹೆಚ್ಚಿನ ಪಾಲನ್ನು ಮುಂದಕ್ಕೇ ಕಳಿಸುತ್ತವೆ. ಆಕಾಶಗಂಗೆಯ ದೂಳಿನ ಅಧ್ಯಯನಕ್ಕಾಗಿ ಹೆನ್ಯೆ ಮತ್ತು ಗ್ರೀನ್‌ಸ್ಟೈನ್ 1941ರಲ್ಲಿ ರೂಪಿಸಿದ ಸೂತ್ರ ಈ ಪಕ್ಷಪಾತವನ್ನು ಒಂದೇ ಒಂದು ಸಂಖ್ಯೆಯಲ್ಲಿ ಹಿಡಿದಿಡುತ್ತದೆ, ಮತ್ತು ಗಣಕಚಿತ್ರಕಾರರು ಇಂದಿಗೂ ಅದನ್ನೇ ಆಶ್ರಯಿಸಿದ್ದಾರೆ. ಆ ಸಂಖ್ಯೆಯನ್ನು ಶೂನ್ಯದಲ್ಲಿಯೇ ಬಿಟ್ಟ ದೃಶ್ಯಗಳಲ್ಲಿ ಕಿರಣಗಳು ಎಲ್ಲ ಕಡೆಯಿಂದಲೂ ಒಂದೇ ಸಮನೆ ಹೊಳೆಯುತ್ತವೆ. ಅಂಥ ತೋಟದಲ್ಲಿ ಮಂಜಿಲ್ಲ. ಬಿಳಿಯ ಬಣ್ಣ ಬಳಿದ ಗಾಳಿ ಮಾತ್ರ ಇದೆ.

ಮೂರನೆಯದು ಜಲಪಾತದ ತುಂತುರು. ಸಿದ್ದಾಪುರ ತಾಲ್ಲೂಕಿನಲ್ಲಿ ಅಘನಾಶಿನಿ ನದಿ 116 ಮೀಟರ್ ಎತ್ತರದಿಂದ ಧುಮುಕುವ ಉಂಚಳ್ಳಿಯಲ್ಲಿ, ಯಲ್ಲಾಪುರ ತಾಲ್ಲೂಕಿನಲ್ಲಿ ಬೇಡ್ತಿ ನದಿ ಸುಮಾರು 200 ಮೀಟರ್ ಇಳಿಯುವ ಮಾಗೋಡಿನಲ್ಲಿ ಕಣಿವೆಯಿಂದ ಮೇಲೇಳುವ ತುಂತುರು ಬೆಳಕಿಗೆ ಮೈಕೊಡುತ್ತದೆ. ಆದರೆ ಇದು ಒಲೆಯ ಹೊಗೆಯಲ್ಲ. ಹನಿಗಳು ದೊಡ್ಡವಾದ್ದರಿಂದ ಸೂರ್ಯನಿಗೆ ಬೆನ್ನುಕೊಟ್ಟು ನೋಡಿದಾಗ, ಸೂರ್ಯನಿಗೆ ಎದುರಾದ ಬಿಂದುವಿನಿಂದ ಸುಮಾರು 42 ಡಿಗ್ರಿ ಕೋನದಲ್ಲಿ, ಕಾಮನಬಿಲ್ಲು ಮೂಡುತ್ತದೆ. ಹೊಗೆಯಲ್ಲಿ ಬಿಲ್ಲು ಎಂದೂ ಮೂಡುವುದಿಲ್ಲ. ಹೊಗೆ, ಇಬ್ಬನಿ, ತುಂತುರು ಎಂಬ ಮೂರು ಬೇರೆ ಬೇರೆ ಹೆಸರುಗಳನ್ನು ಕನ್ನಡ ಇಟ್ಟುಕೊಂಡಿರುವುದು ಅವು ಮೂರು ಬೇರೆ ಬೇರೆ ಬೆಳಕುಗಳೂ ಆಗಿರುವುದರಿಂದ. ತಂತ್ರಾಂಶದ ‘ಫಾಗ್’ ಎಂಬ ಒಂದೇ ಗುಂಡಿಯಲ್ಲಿ ಮೂರನ್ನೂ ಕಲಸಿಬಿಡುವುದು ಭಾಷೆ ಕಂಡದ್ದನ್ನು ಕಣ್ಣು ಮರೆತಂತೆ.

5

ಈ ಒರೆಗಲ್ಲಿನ ಅಗತ್ಯ ಅತ್ಯಂತ ತೀವ್ರವಾಗುವುದು ಯಕ್ಷಗಾನದ ಮರುರಚನೆಯ ಪ್ರಶ್ನೆ ಬಂದಾಗ. ಈ ಮೂರು ತಾಲ್ಲೂಕುಗಳು ಬಡಗುತಿಟ್ಟಿನ ಉತ್ತರ ಕನ್ನಡ ಸಂಪ್ರದಾಯದ ಮುಖ್ಯ ನೆಲೆಗಳು. ನೆಬ್ಬೂರು ನಾರಾಯಣ ಭಾಗವತರು, ಹೊಸ್ತೋಟ ಮಂಜುನಾಥ ಭಾಗವತರು ಶಿರಸಿ ತಾಲ್ಲೂಕಿನವರು. ಈ ಕಲೆಯ ಹಾಡು, ತಾಳ, ಹೆಜ್ಜೆ, ವೇಷಗಳ ಬಗ್ಗೆ ಕೆ. ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ (1957) ಮೊದಲುಗೊಂಡು ಗಣನೀಯವಾದ ಅಧ್ಯಯನ ನಡೆದಿದೆ. ಬೆಳಕು ಮಾತ್ರ ಸ್ವತಂತ್ರ ವಿಷಯವಾಗಿ ಅಷ್ಟೊಂದು ಗಮನ ಪಡೆದಿಲ್ಲ.

ಹಿಂದಿನ ಬಯಲಾಟ ನಡೆದದ್ದು ರಂಗಸ್ಥಳದ ಎರಡು ಬದಿಗಳ ದೀವಟಿಗೆಯ ಬೆಳಕಿನಲ್ಲಿ. ಬೆಳಕು ಪಕ್ಕದಿಂದ, ಹೆಚ್ಚು ಎತ್ತರದಿಂದಲ್ಲದೆ ಬರುತ್ತಿತ್ತು. ಮರದಲ್ಲಿ ಕೆತ್ತಿ ಬೇಗಡೆ ಹಚ್ಚಿದ ಕಿರೀಟ, ಭುಜಕೀರ್ತಿ, ಎದೆಕಟ್ಟುಗಳು ಆ ಬೆಳಕಿಗೆಂದೇ ರೂಪುಗೊಂಡವು. ಬಣ್ಣದ ವೇಷದ ಮುಖದ ಮೇಲೆ ಇಡುವ ಬಿಳಿಯ ಚಿಟ್ಟಿಗಳು ಮೇಲೆದ್ದು ನಿಂತಿರುವುದರಿಂದ ಪಕ್ಕದ ಬೆಳಕಿನಲ್ಲಿ ಪ್ರತಿಯೊಂದಕ್ಕೂ ತನ್ನದೇ ನೆರಳು ದೊರೆಯುತ್ತಿತ್ತು. ದೂರ ಎರಡರಷ್ಟಾದರೆ ಬೆಳಕು ನಾಲ್ಕರಲ್ಲೊಂದು ಪಾಲಾಗುವುದು ನಿಯಮ. ಆದ್ದರಿಂದ ದೀವಟಿಗೆಯ ಹತ್ತಿರಕ್ಕೆ ಒಂದು ಹೆಜ್ಜೆ ಇಡುವುದೇ ರಂಗದಲ್ಲಿ ಒಂದು ಘಟನೆ. ರಾಕ್ಷಸ ಪಾತ್ರದ ಪ್ರವೇಶದಲ್ಲಿ ದೀವಟಿಗೆಗೆ ರಾಳದ ಪುಡಿಯನ್ನು ಎರಚುತ್ತಿದ್ದರು. ಪುಡಿ ಭಗ್ಗನೆ ಹೊತ್ತಿ ಒಂದು ಕ್ಷಣ ಇಡೀ ರಂಗಸ್ಥಳ ಬೆಳಗಿ, ಬಳಿಕ ಹೊಗೆ ಉಳಿಯುತ್ತಿತ್ತು. ಮೊದಲು ಬೆಳಕು, ಅನಂತರ ಆ ಬೆಳಕನ್ನು ಕಾಣಿಸುವ ಮಾಧ್ಯಮ: ಈ ಕ್ರಮವೇ ಪ್ರವೇಶದ ನಾಟಕೀಯತೆ. ಆ ಹೊಗೆಯಲ್ಲಿ ವೇಷದ ನೆರಳು ನೆಲದ ಮೇಲಷ್ಟೇ ಅಲ್ಲದೆ ಗಾಳಿಯಲ್ಲಿಯೂ ಬೀಳುತ್ತದೆ.

ಇಲ್ಲಿ ಒಂದು ಅಂಶ ಸ್ಪಷ್ಟವಾಗಬೇಕು. ದೀವಟಿಗೆಯ ಸುತ್ತ ಕಿಂಡಿಯಿಲ್ಲ, ಮರೆಯಿಲ್ಲ. ಅದರ ಬೆಳಕು ಹೊಗೆಯಲ್ಲಿ ಕೋಲಾಗುವುದಿಲ್ಲ, ಮಂಡಲವಾಗುತ್ತದೆ. ಕೋಲಿಗೆ ಕಿಂಡಿ, ಕತ್ತಲೆ, ಮಾಧ್ಯಮ ಮೂರೂ ಬೇಕು. ಆದ್ದರಿಂದ ಗಣಕದಲ್ಲಿ ಹಿಂದಿನ ಬಯಲಾಟವನ್ನು ಮರುರಚಿಸುವವರು ಮೇಲಿನಿಂದ ಇಳಿಯುವ ಬೆಳಕಿನ ಕೋಲುಗಳನ್ನು ವೇಷದ ಮೇಲೆ ಬೀಳಿಸಿದರೆ ಅದು ಸುಂದರವಾಗಿದ್ದರೂ ಸುಳ್ಳಾಗುತ್ತದೆ. ಅದು ಆಧುನಿಕ ಸಭಾಂಗಣದ ಬೆಳಕು; ಅದನ್ನು ಶತಮಾನದ ಹಿಂದಿನ ಗದ್ದೆಗೆ ಹೊತ್ತು ತಂದಂತಾಗುತ್ತದೆ. ಇಂಥ ಚಿತ್ರ ಪಠ್ಯದಲ್ಲಿಯೋ ವಸ್ತುಸಂಗ್ರಹಾಲಯದಲ್ಲಿಯೋ ಸೇರಿದರೆ ಮುಂದಿನ ಪೀಳಿಗೆಗೆ ಅದೇ ಆಧಾರವಾಗಿ ನಿಲ್ಲುವ ಅಪಾಯವಿದೆ.

ದೀವಟಿಗೆ ಹೋಗಿ ಗ್ಯಾಸ್‌ಲೈಟು ಬಂತು. ಅನಂತರ ಟ್ಯೂಬ್‌ಲೈಟು, ಹ್ಯಾಲೊಜನ್, ಇತ್ತೀಚೆಗೆ ಎಲ್‌ಇಡಿ. ಪ್ರತಿ ಹಂತದಲ್ಲಿಯೂ ಬೆಳಕು ಹೆಚ್ಚಿತು, ಬಿಳುಪಾಯಿತು, ಸಮನಾಯಿತು. ನೆರಳೂ ಹೊಗೆಯೂ ಕಡಿಮೆಯಾದವು. ದೂರದ ಪ್ರೇಕ್ಷಕನಿಗೆ ಮುಖ ಕಾಣುವಂತಾದದ್ದು ಲಾಭವೇ. ಅದನ್ನು ಬರಿಯ ಅವನತಿಯೆಂದು ಬಣ್ಣಿಸುವುದು ಇತಿಹಾಸಕ್ಕೆ ನ್ಯಾಯವಲ್ಲ. ಆದರೆ ಹಳೆಯ ಬೆಳಕಿಗೆ ಹೊಂದಿದ್ದ ಬಣ್ಣ ಮತ್ತು ಬೇಗಡೆಗಳ ತರ್ಕ ಹೊಸ ಬೆಳಕಿನಲ್ಲಿ ಅರ್ಥವಾಗದೆ ಹೋಯಿತೆಂಬುದೂ ಅಷ್ಟೇ ನಿಜ. ಗಣಕದ ಮರುರಚನೆಗೆ ನಿಜವಾದ ಉಪಯೋಗವಿರುವುದು ಇಲ್ಲಿಯೇ: ಒಂದೇ ವೇಷವನ್ನು ದೀವಟಿಗೆ, ಗ್ಯಾಸ್‌ಲೈಟು, ಎಲ್‌ಇಡಿಗಳ ಕೆಳಗೆ ಇಟ್ಟು ಹೋಲಿಸಿ, ಆಹಾರ್ಯದ ಬದಲಾವಣೆಗಳಲ್ಲಿ ಯಾವುದು ಬೆಳಕಿನಿಂದ ಆದದ್ದು, ಯಾವುದು ಅಭಿರುಚಿಯಿಂದ ಆದದ್ದು ಎಂಬುದನ್ನು ಬಿಡಿಸಿ ನೋಡಬಹುದು.

6

ಬೆಳಕಿನ ಕೋಲನ್ನು ಅರ್ಥಪೂರ್ಣವಾಗಿ ಬಳಸಿದ ದೊಡ್ಡ ಉದಾಹರಣೆ ಕನ್ನಡ ನಾಡಿನ ಕಲಾವಿದರಿಂದಲೇ ಬಂದಿದೆ. ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಕಲಿತ ಛಾಯಾಗ್ರಾಹಕ ವಿ.ಕೆ. ಮೂರ್ತಿ (1923-2014) ಗುರುದತ್ತರ ‘ಕಾಗಜ್ ಕೆ ಫೂಲ್’ (1959) ಚಿತ್ರದ ಒಂದು ಹಾಡಿಗಾಗಿ ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳಿಂದ ಸ್ಟುಡಿಯೋದೊಳಗೆ ತಿರುಗಿಸಿ ಒಂದು ಬೆಳಕಿನ ಕೋಲನ್ನು ನಿಲ್ಲಿಸಿದರು. ಖಾಲಿ ಸ್ಟುಡಿಯೋದ ಕತ್ತಲೆಯಲ್ಲಿ ದೂಳು ಆ ಕೋಲಿಗೆ ಮೈಯಾಯಿತು. ಅಲ್ಲಿ ಬೆಳಕಿಗೆ ಮೂಲವಿದೆ, ದಾರಿಯಿದೆ, ಕಾರಣವಿದೆ. ಅದು ಇಬ್ಬರು ಮನುಷ್ಯರ ನಡುವಿನ ದೂರವನ್ನು ಅಳೆದು ತೋರಿಸುತ್ತದೆ. 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಮೂರ್ತಿಯವರಿಗೆ ಸಂದಾಗ ಛಾಯಾಗ್ರಾಹಕರೊಬ್ಬರಿಗೆ ಆ ಗೌರವ ದೊರೆತದ್ದು ಅದೇ ಮೊದಲು.

ಮೂರ್ತಿಯವರ ಕೋಲಿಗೂ ಇಂದಿನ ಅನೇಕ ಗಣಕದೃಶ್ಯಗಳ ಕೋಲಿಗೂ ಇರುವ ವ್ಯತ್ಯಾಸ ಸಲಕರಣೆಯದಲ್ಲ. ಸಲಕರಣೆಯಲ್ಲಿ ಗಣಕವೇ ಮುಂದಿದೆ. ವ್ಯತ್ಯಾಸ ಇರುವುದು ಹೊಣೆಯಲ್ಲಿ. ಸ್ಟುಡಿಯೋದಲ್ಲಿ ಬಿಸಿಲು ಸರಿಯುತ್ತದೆ, ದೂಳು ನೆಲಕ್ಕಿಳಿಯುತ್ತದೆ, ಕನ್ನಡಿಯನ್ನು ಮತ್ತೆ ಮತ್ತೆ ತಿರುಗಿಸಬೇಕಾಗುತ್ತದೆ. ಪ್ರತಿ ಕೋಲಿಗೂ ಬೆಲೆ ಕೊಡಬೇಕಾಗುತ್ತದೆ. ಗಣಕದಲ್ಲಿ ಕೋಲು ಪುಕ್ಕಟೆಯಾದ ಮೇಲೆ ಅದು ಎಲ್ಲೆಂದರಲ್ಲಿ ನಿಲ್ಲುತ್ತದೆ: ಹೊಗೆಯಿಲ್ಲದ ಕೋಣೆಯಲ್ಲಿ, ಕಿಂಡಿಯಿಲ್ಲದ ಗೋಡೆಯಲ್ಲಿ, ನಡುಹಗಲಿನ ಬಯಲಿನಲ್ಲಿ. ಆದ್ದರಿಂದ ಗಣಕದೃಶ್ಯದ ಬೆಳಕನ್ನು ವಿಮರ್ಶಿಸುವವರು ಕೇಳಬೇಕಾದ ಪ್ರಶ್ನೆಗಳು ಸರಳವಾದವು. ಬೆಳಕು ಎಲ್ಲಿಂದ ಬಂತು? ಯಾವುದರಿಂದ ತೂರಿ ಬಂತು? ಯಾವುದರಲ್ಲಿ ಕಾಣುತ್ತಿದೆ? ನೋಡುವವನು ಯಾವ ಕಡೆ ನಿಂತಿದ್ದಾನೆ? ನಾಲ್ಕಕ್ಕೂ ದೃಶ್ಯದೊಳಗೇ ಉತ್ತರವಿದ್ದರೆ ಬರೆದು ಅಂಟಿಸಿದ ಕೋಲೂ ಒಪ್ಪತಕ್ಕದ್ದು. ಇಲ್ಲದಿದ್ದರೆ ಕೋಟಿಗಟ್ಟಲೆ ಲೆಕ್ಕ ಹಾಕಿ ಪಡೆದ ಕೋಲೂ ಅಲಂಕಾರ ಮಾತ್ರ.

ಈ ಪ್ರಶ್ನೆಗಳಿಗೆ ಉತ್ತರ ಕೊಡುವ ಅನುಭವವೇ ಈಗ ವಿರಳವಾಗುತ್ತಿರುವುದು ಚಿಂತೆಯ ವಿಷಯ. ಅಡಿಗೆಮನೆಗೆ ಗ್ಯಾಸ್ ಒಲೆ ಬಂದು ಹೊಗೆ ಹೋಯಿತು. ಹೊಗೆಯಿಂದ ಕಣ್ಣು, ಎದೆ ಕೆಡಿಸಿಕೊಂಡಿದ್ದ ಹೆಂಗಸರ ಪಾಲಿಗೆ ಅದು ಬಿಡುಗಡೆ. ಬಿಸಿಲುಕೋಲಿನ ಚೆಲುವಿಗಾಗಿ ಯಾರೂ ಹೊಗೆಯನ್ನು ಮರಳಿ ಬಯಸಬೇಕಾಗಿಲ್ಲ. ತಾರಸಿ ಮನೆಗಳಲ್ಲಿ ಗಾಜಿನ ಹಂಚಿಗೆ ಜಾಗವಿಲ್ಲ. ದೀವಟಿಗೆಯ ಆಟವನ್ನು ಸ್ವಾಭಾವಿಕ ಸಂದರ್ಭದಲ್ಲಿ ನೋಡಿದ ಕಣ್ಣುಗಳು ಬಹುತೇಕ ಮುಚ್ಚಿವೆ. ಹೀಗಿರುವಾಗ ಹಾಡನ್ನು ಧ್ವನಿಮುದ್ರಿಸಿ, ವೇಷವನ್ನು ಚಿತ್ರಿಸಿಕೊಂಡರೆ ದಾಖಲೆ ಪೂರ್ಣವಾಯಿತೆಂದು ಭಾವಿಸುವಂತಿಲ್ಲ. ಬೆಳಕಿಂಡಿಯ ಅಳತೆ ಮತ್ತು ದಿಕ್ಕು, ಒಲೆಯಿಂದ ಅದಕ್ಕಿರುವ ದೂರ, ದೀವಟಿಗೆಯ ಎಣ್ಣೆ, ಬತ್ತಿ ಮತ್ತು ಎತ್ತರ, ರಾಳವನ್ನು ಎರಚುವ ಪ್ರಮಾಣ ಮತ್ತು ಸಮಯ, ಹೊಗೆ ಕರಗಲು ಹಿಡಿಯುವ ಹೊತ್ತು ಇವೂ ದಾಖಲೆಯ ಭಾಗವಾಗಬೇಕು. ಗಣಕ ಕೇಳುವುದೂ ಇಂಥ ಅಂಕಿಗಳನ್ನೇ. ಅವುಗಳನ್ನು ಕೊಡುವವರಿಲ್ಲದಿದ್ದರೆ ತಂತ್ರಾಂಶ ತಾನು ಮೊದಲೇ ಇಟ್ಟುಕೊಂಡ ಅಂಕಿಗಳನ್ನು ತುಂಬಿಕೊಳ್ಳುತ್ತದೆ. ಆಗ ಶಿರಸಿಯ ಮನೆಯಲ್ಲಿಯೂ ಸಿದ್ದಾಪುರದ ಕಣಿವೆಯಲ್ಲಿಯೂ ಯಲ್ಲಾಪುರದ ರಂಗಸ್ಥಳದಲ್ಲಿಯೂ ಬೀಳುವುದು ಎಲ್ಲಿಯದೂ ಅಲ್ಲದ ಬೆಳಕು.